ಪರ್ವತ ಎಬ್ಬಿಸಿದ ಅಲೆ, ಉಪಗ್ರಹದ ಕಣ್ಣಿಗೆ

ಪ್ರಶ್ನೆ: ಪರ್ವತಗಳು ಎಬ್ಬಿಸುವ ಗಾಳಿಯ ಅಲೆಗಳು ಸ್ತರಗೋಳದವರೆಗೂ (ಮೋಡ-ಮಳೆಗಳ ಪದರಕ್ಕಿಂತ ಮೇಲಿನ ವಾಯುಪದರ) ಏರುತ್ತವಂತೆ. ಮೋಡವೇ ಅಪರೂಪವಾದ ಅಷ್ಟು ಎತ್ತರದಲ್ಲಿ ಉಪಗ್ರಹ ಅವುಗಳನ್ನು ಹೇಗೆ ಕಾಣುತ್ತದೆ?

ಉತ್ತರ: ಉಷ್ಣತೆಯ ಮೂಲಕ. ಅಲೆಯೊಳಗೆ ಮೇಲೇರುವ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಇಳಿಯುವ ಗಾಳಿ ಕುಗ್ಗಿ ಬಿಸಿಯಾಗುತ್ತದೆ. ಮೇಲೆ ಹೋದಂತೆ ಗಾಳಿ ವಿರಳವಾಗುವುದರಿಂದ ಅಲೆ ಇನ್ನಷ್ಟು ದೊಡ್ಡದಾಗುತ್ತದೆ. ಅಲ್ಲಿನ ಇಂಗಾಲದ ಡೈಆಕ್ಸೈಡ್ ತನ್ನ ಉಷ್ಣತೆಗೆ ತಕ್ಕಂತೆ ಅವಕೆಂಪು ಕಿರಣಗಳನ್ನು ಸೂಸುತ್ತದೆ. ನಾಸಾ 2002ರಲ್ಲಿ ಹಾರಿಸಿದ ಆಕ್ವಾ ಉಪಗ್ರಹದಲ್ಲಿರುವ ಏರ್ಸ್ ಉಪಕರಣ 4.3 ಮತ್ತು 15 ಮೈಕ್ರೊಮೀಟರ್ ಆಸುಪಾಸಿನ ಈ ಕಿರಣಗಳನ್ನು ಅಳೆಯುತ್ತದೆ. ಆ ಅಳತೆಯಿಂದ ನಿಧಾನವಾಗಿ ಬದಲಾಗುವ ಹಿನ್ನೆಲೆಯನ್ನು ಕಳೆದರೆ ಬಿಸಿ–ತಂಪು ಪಟ್ಟೆಗಳು ಉಳಿಯುತ್ತವೆ.

ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದ ಚಿತ್ರಗಳನ್ನು ದಯವಿಟ್ಟು ಹುಡುಕಿ ನೋಡಿ. ಹಡಗಿನ ಹಿಂದೆ ನೀರು ಸೀಳಿದಂತೆ, ಅಷ್ಟು ಪುಟ್ಟ ದ್ವೀಪದ ಹಿಂದೆ ಪಟ್ಟೆಗಳು ಹರಡಿಕೊಂಡಿರುತ್ತವೆ! ನನಗಂತೂ ಎಷ್ಟು ನೋಡಿದರೂ ತಣಿಯದ ಬೆರಗು ಅದು. ದಕ್ಷಿಣ ಆಂಡಿಸ್ ಮತ್ತು ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಮೇಲೆ ಅಲ್ಲಿನ ಚಳಿಗಾಲದಲ್ಲಿ (ಜೂನ್–ಆಗಸ್ಟ್) ಇನ್ನೂ ಬಲವಾದ ಅಲೆಗಳು ಸಿಗುತ್ತವೆ.

ಆದರೆ ಎಲ್ಲವೂ ಕಾಣುವುದಿಲ್ಲ. ಮೇಲಿನಿಂದ ನೋಡುವ ಉಪಕರಣಕ್ಕೆ ಹಲವು ಕಿಲೋಮೀಟರ್ ದಪ್ಪದ ಪದರದ ಕಿರಣಗಳು ಬೆರೆತು ಬರುತ್ತವೆ. ಲಂಬವಾಗಿ ಚಿಕ್ಕದಾದ ಅಲೆಗಳ ಬಿಸಿ–ತಂಪು ಒಂದನ್ನೊಂದು ಅಳಿಸಿಬಿಡುತ್ತವೆ. ಅವುಗಳಿಗೆ ಜಿಪಿಎಸ್ ಸಂಕೇತ ವಾಯುಮಂಡಲದಲ್ಲಿ ಬಾಗುವುದನ್ನು ಅಳೆಯುವ ವಿಧಾನವೇ ಮೇಲು. ಆ ಪ್ರದೇಶಗಳ ಬೇಸಿಗೆಯಲ್ಲಿ ಹುಡುಕಿ ನಿರಾಶರಾಗಬೇಡಿ: ಆಗ ಸ್ತರಗೋಳದ ಗಾಳಿ ಪೂರ್ವದಿಂದ ಬೀಸುತ್ತದೆ, ಕೆಳಗಿನದು ಪಶ್ಚಿಮದಿಂದ. ನಡುವೆ ಗಾಳಿಯ ವೇಗ ಸೊನ್ನೆಯಾಗುವ ಎತ್ತರವನ್ನು ಪರ್ವತದ ಅಲೆ ದಾಟಲಾರದು.