ಮುಖಪುಟಕ್ಕೆ ಸುತ್ತಿದ ದಿನಪತ್ರಿಕೆ

ಓದುಗರ ಪತ್ರ: ನನಗೆ ಐವತ್ತೆರಡು ವರ್ಷ. ತುಮಕೂರಿನಿಂದ ಬೆಂಗಳೂರಿನ ಕಚೇರಿಗೆ ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ಮದುವೆಯಾಗಿ ಹೋದ ಮಗಳು ಬಿಟ್ಟುಹೋದ ಹ್ಯಾರಿ ಪಾಟರ್ ಪುಸ್ತಕಗಳಲ್ಲಿ ಐದನ್ನು ಮುಗಿಸಿದ್ದೇನೆ. ಜೊತೆಯವರು ನಗುತ್ತಾರೆಂದು ಮುಖಪುಟಕ್ಕೆ ದಿನಪತ್ರಿಕೆ ಸುತ್ತಿ ಓದುತ್ತೇನೆ. ಈ ವಯಸ್ಸಿನಲ್ಲಿ ಮಕ್ಕಳ ಪುಸ್ತಕ ಹಿಡಿಸುವುದು ಬುದ್ಧಿ ಬಲಿಯದ ಲಕ್ಷಣವೇ?
– ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ:

ಮಾನ್ಯರೇ,

ಖಂಡಿತ ಅಲ್ಲ. ಈ ಮುಜುಗರ ನಿಮ್ಮೊಬ್ಬರದೂ ಅಲ್ಲ. ಮಂತ್ರವಿದ್ಯೆ ಕಲಿಯುವ ಹುಡುಗ ಹ್ಯಾರಿಯ ಏಳು ಪುಸ್ತಕಗಳಲ್ಲಿ ಮೊದಲನೆಯದು ಇಂಗ್ಲೆಂಡಿನಲ್ಲಿ ಬಂದದ್ದು 1997ರಲ್ಲಿ. ಮರುವರ್ಷವೇ ಬ್ಲೂಮ್ಸ್‌ಬರಿ ಪ್ರಕಾಶನದವರು ದೊಡ್ಡವರಿಗೆಂದೇ ಬೇರೆ ಮುಖಪುಟ ಹಾಕಿ ತಂದರು. ಒಳಗೆ ಅದೇ ಕಥೆ, ಹೊರಗೆ ಮಾತ್ರ ಹೊಗೆಬಂಡಿಯ ಕಪ್ಪುಬಿಳುಪು ಚಿತ್ರ. ನೀವು ದಿನಪತ್ರಿಕೆಯಿಂದ ಮಾಡಿಕೊಂಡಿದ್ದನ್ನು ಅವರು ಅಚ್ಚಿನಲ್ಲೇ ಮಾಡಿ ಕೊಟ್ಟಿದ್ದರು.

ಮಾಯೆ ಮಂತ್ರ ಮಕ್ಕಳಿಗೆ ಮಾತ್ರ ಎಂಬ ಮಾತು ನಮ್ಮ ಸೀಮೆಯದಂತೂ ಅಲ್ಲ. ಬಯಲುಸೀಮೆಯ ಯಕ್ಷಗಾನವಾದ ಮೂಡಲಪಾಯದ ಆಟವನ್ನು ನಾನು ಚಿಕ್ಕಂದಿನಲ್ಲಿ ನೋಡಿದ್ದೇನೆ. ರಾಕ್ಷಸ ವೇಷ ರಂಗಕ್ಕೆ ಬರುವ ಹೊತ್ತಿಗೆ ಮಕ್ಕಳಾದ ನಾವೆಲ್ಲ ಚಾಪೆಯ ಮೇಲೆ ನಿದ್ದೆ ಹೋಗಿರುತ್ತಿದ್ದೆವು. ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕೂತು ನೋಡುತ್ತಿದ್ದವರು ಹೊಲದಲ್ಲಿ ದುಡಿದು ಬಂದ ದೊಡ್ಡವರು.

ಈಗಷ್ಟೇ ನೀವು ಮುಗಿಸಿರುವ ಐದನೆಯ ಪುಸ್ತಕವನ್ನೇ ತೆಗೆದುಕೊಳ್ಳಿ. ಏಳರಲ್ಲಿ ಅದೇ ಅತಿ ದಪ್ಪ. ನಡುವೆ ಎಳೆದಂತೆಯೂ ಆಗುತ್ತದೆ. ಆದರೆ ಆಸ್ಪತ್ರೆಯ ಆ ಒಂದು ಪ್ರಸಂಗಕ್ಕಾಗಿ ನಾನು ಅದನ್ನು ಎಷ್ಟು ಬಾರಿಯಾದರೂ ಓದಬಲ್ಲೆ. ಹ್ಯಾರಿಯ ಸಹಪಾಠಿ ನೆವಿಲ್ ತರಗತಿಯಲ್ಲಿ ಸದಾ ಬೈಸಿಕೊಳ್ಳುವ ಮರೆಗುಳಿ ಹುಡುಗ. ಶತ್ರುಗಳ ಚಿತ್ರಹಿಂಸೆಯಿಂದ ಅವನ ತಂದೆತಾಯಿ ಬುದ್ಧಿ ಕಳೆದುಕೊಂಡು ವರ್ಷಗಳಿಂದ ಆಸ್ಪತ್ರೆಯಲ್ಲೇ ಇದ್ದಾರೆ. ಕ್ರಿಸ್ಮಸ್ ಹೊತ್ತಿಗೆ ಅಜ್ಜಿಯ ಜೊತೆ ಅವನು ನೋಡಲು ಹೋದಾಗ, ತಾಯಿ ಮೆಲ್ಲಗೆ ಬಂದು ಅವನ ಕೈಗೆ ಏನನ್ನೋ ಇಡುತ್ತಾಳೆ. ಚೂಯಿಂಗ್ ಗಮ್ಮಿನ ಖಾಲಿ ಕಾಗದ. ಹಿಂದೆಯೂ ಬೇಕಾದಷ್ಟು ಕೊಟ್ಟಿದ್ದಾಳೆ. ಅಜ್ಜಿ ಅದನ್ನು ಕಸದ ಬುಟ್ಟಿಗೆ ಹಾಕೆನ್ನುತ್ತಾಳೆ. ಹೊರಡುವಾಗ ಹುಡುಗ ಅದನ್ನು ಜೇಬಿಗೆ ಸೇರಿಸಿಕೊಂಡದ್ದು ಹ್ಯಾರಿಯ ಕಣ್ಣಿಗೆ ಬೀಳುತ್ತದೆ. ಅಷ್ಟೇ.

ಮೊದಲ ಸಲ ಓದಿದಾಗ ಈ ಪುಟವನ್ನು ನಾನು ಸುಮ್ಮನೆ ದಾಟಿಬಿಟ್ಟಿದ್ದೆ. ಎರಡನೆಯ ಸಲ ಓದುವ ವೇಳೆಗೆ ನನ್ನ ತಾಯಿ ನನ್ನ ಗುರುತು ಮರೆತಿದ್ದರು. ಪ್ರತಿ ಸಲ ಹೋದಾಗಲೂ ‘ಯಾರಪ್ಪ ನೀನು, ಊಟ ಆಯಿತಾ?’ ಎಂದು ಕೇಳುತ್ತಿದ್ದರು. ಪುಸ್ತಕ ಮಡಚಿಟ್ಟು ಬಹಳ ಹೊತ್ತು ಕೂತಿದ್ದೆ. ಆ ಕಾಗದದ ತೂಕ ಹತ್ತು ವರ್ಷದ ಮಗುವಿಗೆ ತಿಳಿಯಬೇಕಾಗಿಲ್ಲ, ತಿಳಿಯದಿರುವುದೇ ಒಳ್ಳೆಯದು.

ಅದೇ ಪುಸ್ತಕದಲ್ಲಿ ಸರ್ಕಾರದ ಕಡೆಯಿಂದ ಬಂದ ಶಿಕ್ಷಕಿ ಅಂಬ್ರಿಜ್ ಇದ್ದಾಳಲ್ಲ, ಗುಲಾಬಿ ಉಡುಪು, ಸಕ್ಕರೆಯಂಥ ದನಿ, ದಿನಕ್ಕೊಂದು ಹೊಸ ಆದೇಶ. ಅವಳು ಕೊಟ್ಟ ಲೇಖನಿಯಿಂದ ಬರೆದದ್ದು ಬರೆದವನ ಕೈಯ ಹಿಂಬದಿಯನ್ನೇ ಕೊರೆಯುತ್ತದೆ. ಮಕ್ಕಳು ಅವಳನ್ನು ದ್ವೇಷಿಸುತ್ತಾರೆ. ಸುತ್ತೋಲೆಗಳ ನಡುವೆ ವರ್ಷಗಟ್ಟಲೆ ದುಡಿದ ನಿಮ್ಮಂಥವರು ಅವಳ ಗುರುತು ಹಿಡಿಯುತ್ತೀರಿ.

ಮೊದಲ ಪುಸ್ತಕದ ಕನ್ನಡಿಯನ್ನೂ ನೆನೆಯಿರಿ. ಮನಸ್ಸಿನಾಳದ ಆಸೆಯನ್ನು ತೋರಿಸುವ ಆ ಕನ್ನಡಿಯಲ್ಲಿ ತಬ್ಬಲಿ ಹ್ಯಾರಿಗೆ ಕಾಣುವುದು ಸತ್ತುಹೋದ ಅಪ್ಪ ಅಮ್ಮ. ಲೇಖಕಿ ಜೆ.ಕೆ. ರೌಲಿಂಗ್ ಬರೆಯಲು ತೊಡಗಿ ಕೆಲವೇ ತಿಂಗಳಿಗೆ, 1990ರ ಕೊನೆಯಲ್ಲಿ, ಅವರ ತಾಯಿ ತೀರಿಕೊಂಡರು. ಇಂಥದ್ದೊಂದು ಬರೆಯುತ್ತಿದ್ದೇನೆಂದು ತಾಯಿಗೆ ಅವರು ಹೇಳಿಯೇ ಇರಲಿಲ್ಲ.

ಇನ್ನೆರಡು ಪುಸ್ತಕ ಉಳಿದಿವೆ. ಕಥೆ ಹೇಳಿ ನಿಮ್ಮ ಸುಖ ಕೆಡಿಸುವುದಿಲ್ಲ. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸನ ಕಥೆಯನ್ನು ನಿಮ್ಮ ಅಜ್ಜಿ ಹೇಳಿದ್ದರೆ, ಆರನೆಯದನ್ನು ತೆರೆಯುವ ಮುನ್ನ ಒಮ್ಮೆ ನೆನಪು ಮಾಡಿಕೊಳ್ಳಿ. ನಾಳೆ ರೈಲಿನಲ್ಲಿ ದಿನಪತ್ರಿಕೆಯನ್ನು ಪಕ್ಕದವರಿಗೆ ಓದಲು ಕೊಟ್ಟುಬಿಡಿ.

– ಸಂಪಾದಕ