ಕೋಚ್‌ಗಳ ಸಂಘದಲ್ಲಿ ಖಜಾಂಚಿ ಆಗುವುದರ ಬಗ್ಗೆ

ನಮಸ್ಕಾರ ಸರ್. ಕಾಲೇಜು ಕೋಚ್‌ಗಳ ಸಂಘದಲ್ಲಿ ಖಜಾಂಚಿ ಆಗಿ ಅಂತ ಕೇಳಿದ್ದಾರೆ, ಕೊಪ್ಪಳದಿಂದ ಬಳ್ಳಾರಿಗೆ ಓಡಾಡಿ ನಿಭಾಯಿಸಬಹುದಾ ಅಂದಿದ್ದೀರಿ. ಖಂಡಿತ ಒಪ್ಪಿಕೊಳ್ಳಿ. ನಾನು ಬಳ್ಳಾರಿಯಲ್ಲಿ ಎರಡು ಅವಧಿ ಇಂಥ ಸಮಿತಿಯಲ್ಲಿದ್ದೆ. ಹೊಸಪೇಟೆ ಮೇಲೆ ರೈಲೂ ಇದೆ, ಬಸ್ಸೂ ಇದೆ, ಓಡಾಟದ ಚಿಂತೆ ಬಿಡಿ.

ಜಾಸ್ತಿ ಕೆಲಸ ಇರುವುದು ಲೆಕ್ಕದಲ್ಲಿ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿದ್ದರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, ಲೆಕ್ಕಪತ್ರವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ನೋಂದಣಾಧಿಕಾರಿಗೆ ಕೊಡಬೇಕು. ಒಪ್ಪುವ ಮೊದಲೇ ಬೈಲಾ (ಸಂಘದ ನಿಯಮಾವಳಿ), ಹಳೆಯ ಲೆಕ್ಕದ ಪುಸ್ತಕ, ಪಾಸ್‌ಬುಕ್ ಕೇಳಿ ನೋಡಿ. ನನ್ನ ಕೈಗೆ ಬಂದಿದ್ದು ಒಂದು ಸ್ವೀಟ್ ಬಾಕ್ಸ್ ತುಂಬ ಬಿಡಿ ರಸೀದಿ. ಅಂಪೈರ್‌ಗಳ ಭತ್ಯೆ, ಸುಣ್ಣದ ಪುಡಿ, ಊಟದ ಬಿಲ್ಲು, ಎಲ್ಲ ಕಲಸಿ ಹೋಗಿತ್ತು. ಹೊಂದಿಸಲು ಮೂರು ಭಾನುವಾರ ಬೇಕಾಯಿತು.

ಆದರೆ ಸಮಿತಿಯಲ್ಲಿದ್ದರೆ ಮಕ್ಕಳ ಪರ ಮಾತಾಡಬಹುದು. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ವಾ? ಒಂದು ಸಲ ಖೋಖೋ ಹುಡುಗಿಯರನ್ನು ಮಧ್ಯಾಹ್ನ 1 ಗಂಟೆಗೆ ಆಡಲು ಇಳಿಸಿದ್ದರು. ಒಬ್ಬಳು ಕಂಬದ ಪಕ್ಕದಲ್ಲೇ ಕುಸಿದಳು. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಮುಂದಿನ ಸಭೆಯಲ್ಲಿ ಹಟ ಹಿಡಿದು, ಬೇಸಿಗೆ ಪಂದ್ಯಗಳು ಬೆಳಿಗ್ಗೆ 10ರೊಳಗೆ ಮುಗಿಯಬೇಕು, ಇಲ್ಲವೇ ಸಂಜೆ 4ರ ನಂತರ ಶುರುವಾಗಬೇಕು ಅಂತ ನಡಾವಳಿಯಲ್ಲಿ ಬರೆಸಿದೆ.

ಹಾಂ, ಹಳೆಯ ಖಜಾಂಚಿಯಿಂದ ಲೆಕ್ಕ ವಹಿಸಿಕೊಳ್ಳುವಾಗ ಸಹಿ ಮಾಡಿಸಿಕೊಳ್ಳಿ.