ಪದಪ್ರಶ್ನೆ: ವ್ಯಾಕರಣದ ಮಗಳು ಗ್ಲಾಮರ್

ಪ್ರಶ್ನೆ: ‘ಗ್ಲಾಮರ್’ ಸ್ಕಾಟ್ಲೆಂಡಿನ ಆಡುನುಡಿಯ ಪದ, ಅದರ ಮೂಲ ‘ಗ್ರಾಮರ್’ ಎಂದು ಓದಿದೆ. ವ್ಯಾಕರಣಕ್ಕೂ ಥಳುಕಿಗೂ ಎಲ್ಲಿಯ ನಂಟು?

ಉತ್ತರ: ನಂಟು ಇರುವುದು ಥಳುಕಿನ ಜೊತೆಗಲ್ಲ, ಮಾಟದ ಜೊತೆಗೆ. ಗ್ರೀಕಿನ ‘ಗ್ರಾಮ್ಮ’ ಎಂದರೆ ಅಕ್ಷರ. ಅದರಿಂದ ಹುಟ್ಟಿದ ‘ಗ್ರಾಮರ್’ ಮಧ್ಯಯುಗದಲ್ಲಿ ಲ್ಯಾಟಿನ್ ಕಲಿಕೆಗೆ, ಒಟ್ಟಾರೆ ಪಾಂಡಿತ್ಯಕ್ಕೇ ಹೆಸರಾಗಿತ್ತು. ಓದು ಬಲ್ಲವರು ವಿರಳವಾಗಿದ್ದ ಕಾಲವದು. ಪುಸ್ತಕ ಹಿಡಿದವನಿಗೆ ಮಂತ್ರವೂ ಗೊತ್ತಿರುತ್ತದೆ ಎಂದು ಜನ ನಂಬುತ್ತಿದ್ದರು. ಮಂತ್ರವಾದದ ಹೊತ್ತಗೆಗೆ ಫ್ರೆಂಚರು ಹೇಳುವ ‘ಗ್ರಿಮ್ವಾರ್’ ಕೂಡ ಇದೇ ಬೇರಿನದು.

ಇನ್ನು ಧ್ವನಿ. ಒಂದೇ ಪದದಲ್ಲಿ ಎರಡು ರಕಾರ ಬಂದರೆ ನಾಲಿಗೆ ಒಂದನ್ನು ಲಕಾರ ಮಾಡಿಕೊಳ್ಳುವುದುಂಟು. ಲ್ಯಾಟಿನ್ನಿನ ‘ಪೆರೆಗ್ರಿನುಸ್’ ಇಂಗ್ಲಿಷಿನ ‘ಪಿಲ್ಗ್ರಿಮ್’ ಆದದ್ದೂ ಹೀಗೆಯೇ.

ಸ್ಕಾಟ್ಲೆಂಡಿನ ಆಡುನುಡಿಯಾದ ಸ್ಕಾಟ್ಸ್‌ನಲ್ಲಿ ‘ಗ್ಲಾಮರ್’ ಪದದ ಅರ್ಥ ನಮ್ಮ ‘ಕಣ್ಕಟ್ಟು’. ವಸ್ತು ಇದ್ದಂತೆಯೇ ಇರುತ್ತದೆ, ನೋಡುವವನ ಕಣ್ಣು ಮೋಸಹೋಗುತ್ತದೆ. ಕವಿ ಆಲನ್ ರ್‍ಯಾಮ್ಸೆ 1721ರ ತನ್ನ ಸಂಕಲನದ ಪದಕೋಶದಲ್ಲಿ, ದೆವ್ವಗಳೂ ಮಾಂತ್ರಿಕರೂ ನೋಡುಗರ ಕಣ್ಣಿನ ಮೇಲೆ ‘ಗ್ಲಾಮರ್’ ಎರಚುತ್ತಾರೆ ಎಂದು ವಿವರಿಸಿದ್ದಾನೆ. 1789ರಲ್ಲಿ ರಾಬರ್ಟ್ ಬರ್ನ್ಸ್ ‘ಗ್ಲಾಮರ್’ ಮತ್ತು ‘ಗ್ರಾಮರ್’ ಎರಡನ್ನೂ ಪ್ರಾಸವಾಗಿ ಕೂಡಿಸಿದ. ಅಲ್ಲಿನ ‘ಗ್ರಾಮರ್’ ನರಕದ ಕರಿವಿದ್ಯೆ! ಪದವನ್ನು ಇಂಗ್ಲಿಷ್ ಓದುಗರಿಗೆಲ್ಲ ಮುಟ್ಟಿಸಿದವನು ವಾಲ್ಟರ್ ಸ್ಕಾಟ್, 1805ರ ಕಥನಕಾವ್ಯದ ಮೂಲಕ. ‘ಮೋಹಕ ಚೆಲುವು’ ಎಂಬ ಅರ್ಥ ಬಂದದ್ದು 1840ರ ಸುಮಾರಿಗೆ. ಸಿನಿಮಾ ನಂಟು ಇನ್ನೂ ತಡ, 1930ರ ದಶಕದ್ದು.

ಸ್ಕಾಟ್ಲೆಂಡಿನ ಹಳೆಯ ಲಾವಣಿ ಓದುವವರು ಎಡವುವುದು ಇಲ್ಲಿಯೇ. ಜಿಪ್ಸಿಗಳು ಶ್ರೀಮಂತರ ಮನೆಯ ಹೆಣ್ಣಿನ ಮೇಲೆ ‘ಗ್ಲಾಮರ್’ ಹಾಕಿದರು ಎಂಬ ಸಾಲಿದೆ. ಅವರ ರೂಪಕ್ಕೆ ಅವಳು ಮರುಳಾದಳು ಎಂದು ಅನುವಾದಿಸಿದರೆ ಕಥೆಯೇ ಬೇರೆಯಾಗುತ್ತದೆ. ಅದು ಮಾಟ.

ಪ್ರಶ್ನೆ: ಮೂಲ ಐಸ್‌ಲ್ಯಾಂಡಿನದು ಎಂಬ ವಾದವೂ ಇದೆಯಲ್ಲ?

ಉತ್ತರ: ಇದೆ. ಅಲ್ಲಿನ ‘ಗ್ರೆಟಿರ್’ ಸಾಗಾದಲ್ಲಿ (ಸಾಗಾ ಎಂದರೆ ಹಳೆಯ ಗದ್ಯಕಥನ) ‘ಗ್ಲಾಮ್ರ್’ ಎಂಬ ಪ್ರೇತವಿದೆ. ಅದರ ಹೆಸರಿನಿಂದಲೇ ಭ್ರಮೆಗೆ ‘ಗ್ಲಾಮ್‌ಸೀನಿ’ ಎಂಬ ಮಾತು ಬಂದಿದೆ. ಅರ್ಥವೇನೋ ಚೆನ್ನಾಗಿ ಕೂಡುತ್ತದೆ. ಆದರೆ ‘ಗ್ಲಾಮ್ರ್’ನ ಕೊನೆಯ ರಕಾರ ಬರೀ ವಿಭಕ್ತಿಪ್ರತ್ಯಯ, ಎರವಲು ಪಡೆಯುವಾಗ ಇಂಥದು ಸಾಮಾನ್ಯವಾಗಿ ಉದುರಿಹೋಗುತ್ತದೆ. ‘ಗ್ರಾಮರ್’ ವಾದಕ್ಕೆ ಈ ತೊಡಕಿಲ್ಲ, ಆದ್ದರಿಂದ ನಮ್ಮ ಮತ ಅದಕ್ಕೇ.

ಪ್ರಶ್ನೆ: ಇಂಗ್ಲಿಷ್ ಕಾಗುಣಿತದಲ್ಲಿ ‘ಯು’ ಬೇಕೋ ಬೇಡವೋ?

ಉತ್ತರ: ನಾಮಪದಕ್ಕೆ ಬೇಕು, ‘ಕಲರ್’ನಲ್ಲಿ ‘ಯು’ ಬಿಡುವ ಅಮೆರಿಕನ್ನರೂ ಇಲ್ಲಿ ಹೆಚ್ಚಾಗಿ ಉಳಿಸಿಕೊಳ್ಳುತ್ತಾರೆ. ‘ಗ್ಲಾಮರಸ್’ ಬರೆಯುವಾಗ ಮಾತ್ರ ‘ಆರ್’ಗೆ ಮುಂಚಿನ ‘ಯು’ ಬಿಡಿ.